ಎಂಟನೇ ಕ್ಲಾಸಿನ ಸೈಕಲ್ಲೂ ಗರಸಿನ ದಾರಿಯೂ

ಶಿವಾಜಿಯ ತಂದೆ ಶಹಾಜಿ ಭೋಸಲೆ ತೀರಿಕೊಂಡದ್ದು ಎಲ್ಲಿ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಸುಲಭದ ಪ್ರಶ್ನೆ. ‘ಹೊದಿಗೆರೆ, 1664’ ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ. ಆ ಹೊದಿಗೆರೆ ನಮ್ಮದೇ ಚನ್ನಗಿರಿ ತಾಲ್ಲೂಕಿನಲ್ಲಿದೆ. ಬೆಳಿಗ್ಗೆ ಸೈಕಲ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಚನ್ನಗಿರಿಗೆ ವಾಪಸ್ ಬರಬಹುದು. ಲೈಬ್ರರಿಯಲ್ಲಿ ನನ್ನ ಜೊತೆ ಓದುವ ಹತ್ತು ಜನರನ್ನು ಕೇಳಿದೆ. ಉತ್ತರ ಎಲ್ಲರಿಗೂ ಗೊತ್ತಿತ್ತು. ಸಮಾಧಿ ನೋಡಿದವರು ಒಬ್ಬರೂ ಇರಲಿಲ್ಲ.

ನಾವು ಮೂವರು ಗೆಳತಿಯರು. ಪದವಿ ಮುಗಿದಿದೆ, ಕೆಲಸ ಸಿಕ್ಕಿಲ್ಲ. ಎಫ್‌ಡಿಎ, ಪಿಡಿಒ ಎಂದು ಕರೆದದ್ದಕ್ಕೆಲ್ಲ ಅರ್ಜಿ ಹಾಕುತ್ತೇವೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಮೂವರ ಮನೆಯಲ್ಲೂ ದನದ ಕೊಟ್ಟಿಗೆಯ ಮೂಲೆ ಸೇರಿತ್ತು. 2006-07ರಲ್ಲಿ ಶುರುವಾದ ಆ ಯೋಜನೆ ನಮ್ಮಂಥ ಹಳ್ಳಿ ಹುಡುಗಿಯರನ್ನು ಹೈಸ್ಕೂಲು ಮುಟ್ಟಿಸಿತು. ಆದರೆ ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ, ‘ದೊಡ್ಡವಳಾದೆ, ಇನ್ನೇನು ಸೈಕಲ್ಲು?’ ಎನ್ನುತ್ತಾರೆ. ತಮ್ಮನಿಗೆ ಬೈಕ್ ಬರುತ್ತದೆ, ನಮಗೆ ಬಸ್ಸಿನ ಪಾಸು. ಬಸ್ಸು ಹೋಗದ ಊರು ನಮ್ಮ ಪಾಲಿಗೆ ಇಲ್ಲದಂತೆಯೇ.

ಕಳೆದ ವರ್ಷ ಮೊಬೈಲಿನಲ್ಲಿ ಇಟಲಿಯ ಟಸ್ಕನಿ ಪ್ರದೇಶದ ಸೈಕಲ್ ಸವಾರಿಯ ಬಗ್ಗೆ ಓದಿದೆ. ಅಲ್ಲಿ ದ್ರಾಕ್ಷಿ ತೋಟಗಳ ನಡುವೆ ಹಳೆಯ ಚರ್ಚು, ಕೋಟೆಗಳನ್ನು ಜೋಡಿಸುವ ಬಿಳಿ ಜಲ್ಲಿಯ ರಸ್ತೆಗಳಿವೆ. ಒಂದೊಂದಾಗಿ ಅವಕ್ಕೂ ಡಾಂಬರು ಬೀಳುತ್ತಿದ್ದಾಗ, ಇವು ಉಳಿಯಬೇಕು ಎಂದು ಗಾಯೋಲೆ ಎಂಬ ಸಣ್ಣ ಊರಿನಲ್ಲಿ 1997ರಲ್ಲಿ 92 ಜನ ಸೈಕಲ್ ಹತ್ತಿದರು. ‘ಲೆರೋಯಿಕಾ’ ಎಂಬ ಆ ಸವಾರಿಗೆ ಈಗ ಪ್ರಪಂಚದ ಮೂಲೆ ಮೂಲೆಯಿಂದ ಸಾವಿರಾರು ಜನ ಬರುತ್ತಾರೆ. ಹಳೆಯ ಕಾಲದ ಸೈಕಲ್ ತರಬೇಕೆಂಬುದು ಅಲ್ಲಿನ ನಿಯಮ. ನಗು ಬಂತು. ಹಳೆಯ ಸೈಕಲ್, ಗರಸಿನ ದಾರಿ, ಕೋಟೆ, ಗುಡಿ ಇವುಗಳಲ್ಲಿ ನಮಗೆ ಯಾವುದು ಕಡಿಮೆ? ಕಾಕತಾಳೀಯವೆಂದರೆ, ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿದ್ದೂ ಅದೇ 1997ರಲ್ಲಿ.

ಟಯರು, ಟ್ಯೂಬು, ಬ್ರೇಕ್ ರಬ್ಬರ್ ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೇಬಿಟ್ಟೆವು. ಮೊದಲ ದಿನ ಚನ್ನಗಿರಿ ಕೋಟೆ ಮತ್ತು ಹೊದಿಗೆರೆ. ಊರಿನ ನಡುವಿನ ಗುಡ್ಡದ ಮೇಲೆ ಕೋಟೆ, ಅದರೊಳಗೆ ಬೇಟೆ ರಂಗನಾಥಸ್ವಾಮಿಯ ಗುಡಿ. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದಲೇ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಅಲ್ಲಿಂದ ಅಡಿಕೆ ತೋಟಗಳ ನಡುವೆ ಹೊದಿಗೆರೆಗೆ ಹೋದರೆ, ಬೇಟೆಗೆ ಬಂದು ಕುದುರೆಯಿಂದ ಬಿದ್ದು ಸತ್ತ ಶಹಾಜಿಯ ಸಮಾಧಿ ಇದೆ. ಆಡಂಬರವಿಲ್ಲ, ಸದ್ದಿಲ್ಲ. ಅಲ್ಲಿ ಕೂತಾಗಲೇ ಎರಡು ಬೇರೆ ಬೇರೆ ಅಧ್ಯಾಯಗಳು ಕೂಡಿಕೊಂಡವು. ಶಹಾಜಿಯ ಮೊಮ್ಮಗ ರಾಜಾರಾಮ 1689ರಲ್ಲಿ ಮೊಘಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟು, ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡವಳು ಇದೇ ಚೆನ್ನಮ್ಮಾಜಿ. ಗೈಡಿನಲ್ಲಿ ಇವೆರಡರ ನಡುವೆ ನೂರು ಪುಟಗಳಿವೆ. ಸೈಕಲ್ಲಿನಲ್ಲಿ ಒಂದು ಬೆಳಗಿನ ದಾರಿ.

ಎರಡನೇ ಸವಾರಿ ಸೂಳೆಕೆರೆ ಮತ್ತು ಸಂತೇಬೆನ್ನೂರಿಗೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಈ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂಬ ಕಥೆಯನ್ನು ಇಲ್ಲಿ ಅಜ್ಜಿಯರೆಲ್ಲ ಹೇಳುತ್ತಾರೆ. ಸಿದ್ಧನ ತೂಬು, ಬಸವನ ತೂಬು ನೋಡಿಕೊಂಡು, ಚಾನಲ್ ಪಕ್ಕದ ಮಣ್ಣಿನ ದಾರಿ ಹಿಡಿದೆವು. ಲಾರಿಯಿಲ್ಲ, ಹಾರ್ನಿಲ್ಲ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಕೂಗಿ, ‘ಯಾವೂರ್ರೇ ತಂಗಿ, ಸೈಕಲ್ ಮ್ಯಾಲೆ ಎಲ್ಲಿಗೆ?’ ಎಂದು ವಿಚಾರಿಸಿದರು. ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಹೊಂಡವಿದೆ. ಮೆಟ್ಟಿಲುಗಳ ನಡುವೆ ನೀರು, ನೀರಿನ ನಡುವೆ ವಸಂತ ಮಂಟಪ. ಅದರ ಎದುರಿಗೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಕಟ್ಟಿದವರು ಒಬ್ಬರ ಮೇಲೊಬ್ಬರು ಕತ್ತಿ ಹಿಡಿದವರು. ಈಗ ಎರಡೂ ಕಟ್ಟಡಗಳ ನೆರಳು ಒಂದೇ ನೀರಿನಲ್ಲಿ ಬೀಳುತ್ತದೆ.

ಮೂರನೆಯದು ತುಂಗಭದ್ರೆಯ ಆಚೆಗೆ. ಹೊನ್ನಾಳಿಯಲ್ಲಿ ಹಿರೇಕಲ್ಮಠ ನೋಡಿ ನ್ಯಾಮತಿ ಕಡೆ ತಿರುಗಿದೆವು. ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರದಲ್ಲಿ ಬೇಸಿಗೆಯಲ್ಲೂ ನಿಲ್ಲದ ನೀರಿಗೆ ಬಾಟಲಿ ಹಿಡಿದು, ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪಕ್ಕೆ ಹೋದೆವು. ಡಾಂಬರು ಹುಟ್ಟುವ ಮೊದಲು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವೆಲ್ಲ ಸುತ್ತಿದವರು ಬಂಜಾರರು. ಗರಸಿನ ದಾರಿಯ ಕಷ್ಟ ಸುಖ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು!

ಟಸ್ಕನಿಯವರ ಹಾಗೆ ‘ಡಾಂಬರು ಬೇಡ’ ಎಂದು ನಾವು ಹೇಳಲಾಗದು. ಮಳೆಗಾಲದ ರಾತ್ರಿ ಬಸುರಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಊರಿಗೆ ಒಳ್ಳೆಯ ರಸ್ತೆ ಬೇಕೇ ಬೇಕು. ಆದರೆ ಚಾನಲ್ ದಂಡೆ, ಕೆರೆ ಏರಿ, ಹೊಲದ ನಡುವಿನ ಬಂಡಿ ದಾರಿಗಳು ಹಾಗೆಯೇ ಇರಬಹುದಲ್ಲ? ಅಲ್ಲಲ್ಲಿ ಊರಿನ ಹೆಸರು, ಸ್ಮಾರಕಕ್ಕೆ ಎಷ್ಟು ದೂರ ಎಂಬ ಒಂದೊಂದು ಕಲ್ಲು ನೆಟ್ಟರೆ ಸಾಕು, ನಮ್ಮಲ್ಲೂ ಒಂದು ಸೈಕಲ್ ಮಾರ್ಗ ಸಿದ್ಧ. ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಏಳು ದಿನ ಗಿಡ ನೆಡುವುದರ ಜೊತೆ ಇದನ್ನೂ ಮಾಡಬಹುದು. ದಾರಿ ಬದಿಯ ಪಂಕ್ಚರ್ ಅಂಗಡಿ, ಮಂಡಕ್ಕಿ ಮೆಣಸಿನಕಾಯಿ ಅಂಗಡಿಗಳಿಗೂ ವ್ಯಾಪಾರವಾದೀತು.

ಹೊರಡುವವರಿಗೆ ಒಂದೆರಡು ಮಾತು. ಗೇರ್ ಸೈಕಲ್ಲೇ ಬೇಕೆಂದಿಲ್ಲ. ಗರಸಿನಲ್ಲಿ ಟಯರಿನ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಹಿಡಿತ ಚೆನ್ನಾಗಿರುತ್ತದೆ, ಪೂರ್ತಿ ಇಳಿಸಬೇಡಿ. ಜಾಲಿ ಮುಳ್ಳಿನ ಭಯ ಎಲ್ಲ ಕಡೆಯೂ ಇದೆ. ಪಂಪು, ಪ್ಯಾಚು, ಸಲ್ಯೂಷನ್ ಬ್ಯಾಗಿನಲ್ಲಿರಲಿ. ಚಾನಲ್ ದಂಡೆಗೆ ತಡೆಗೋಡೆ ಇರುವುದಿಲ್ಲ, ಹಾಗಾಗಿ ಕತ್ತಲಾಗುವ ಮುಂಚೆ ಮನೆ ಸೇರಿ. ಹುಡುಗಿಯರು ಮೂರು ನಾಲ್ಕು ಜನ ಸೇರಿ ಹೋಗಿ, ಯಾವ ದಾರಿ ಎಂದು ಮನೆಯಲ್ಲಿ ಹೇಳಿ. ಮೊದಲ ದಿನ ನಮ್ಮವ್ವ ಬಾಗಿಲಲ್ಲೇ ನಿಂತು ಕಾದಿದ್ದಳು. ಮೂರನೇ ಸಲ ಬುತ್ತಿ ಕಟ್ಟಿಕೊಟ್ಟು, ‘ಆ ತೀರ್ಥ ಒಂದು ಬಾಟ್ಲಿ ತಗಂಬಾ’ ಅಂದಳು.

ಉಳಿದಿರುವುದು ಜಗಳೂರು. ಅಡಿಕೆ, ಭತ್ತದ ಹಸಿರು ಮುಗಿದು ಮೆಕ್ಕೆಜೋಳ, ಈರುಳ್ಳಿಯ ಬಯಲು ಶುರುವಾಗುವ ಸೀಮೆ ಅದು. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಅಲ್ಲಿದೆ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕೇಳಬೇಕೆಂದಿದ್ದೇವೆ. ಮಳೆ ಬಂದರೆ ಅಲ್ಲಿನ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೊರಬೇಕಾಗುತ್ತದಂತೆ. ಅದಕ್ಕೇ ಡಿಸೆಂಬರ್‌ಗೆ ಕಾಯುತ್ತಿದ್ದೇವೆ. ಅಷ್ಟರಲ್ಲಿ ಯಾರಿಗಾದರೂ ನೌಕರಿ ಆದರೆ ಭಾನುವಾರ ಹೋಗುವುದು ಎಂದು ಮಾತಾಗಿದೆ. ಆಗದಿದ್ದರೆ ಯಾವ ವಾರವಾದರೂ ಸರಿ!