ಕುಂಚಕ್ಕೆ ಸಿಕ್ಕಿದ ಹಳೆಯ ಸಾಮಾನು

ಸುವರ್ಣಾ ನದಿಯ ತೀರದ ಕಲ್ಯಾಣಪುರದಂಥ ಊರುಗಳಲ್ಲಿ ಹಳೆಯ ಮನೆಯ ಅಟ್ಟದ ಮೇಲೆ ಏನಿರುತ್ತದೆಂಬುದನ್ನು ಕರಾವಳಿಯ ವಾಚಕರಿಗೆ ಹೇಳಬೇಕಾಗಿಲ್ಲ. ಸೇರು, ಪಾವು, ತೂಗುದೀಪ, 14 ಗುಳಿಗಳ ಚೆನ್ನೆಮಣೆ. ಕೆಲವು ಮನೆಗಳಲ್ಲಿ ಕಾಡುಹಂದಿಯನ್ನು ಬೆದರಿಸುತ್ತಿದ್ದ ಕೋವಿಯೂ ಉಂಟು. 1956ರ ಅಳತೆ-ತೂಕಗಳ ಕಾಯಿದೆಯ ತರುವಾಯ ಸೇರು ಅಂಗಡಿಯಿಂದ ಅಟ್ಟಕ್ಕೇರಿತು. ಅಟ್ಟದಿಂದ ಗುಜರಿಗೆ ಇಳಿಯಲು ಬಹಳ ಕಾಲ ಬೇಕಾಗದು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇಂಥ ಸಾಮಾನುಗಳನ್ನಷ್ಟೇ ಅಲ್ಲ, ಹಳೆಯ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಅಂಥ ಸಾಹಸ ಎಲ್ಲರಿಗೂ ಸಾಧ್ಯವಲ್ಲ. ವಸ್ತುವನ್ನು ಉಳಿಸಲಾಗದ ಕಡೆ ಅದರ ಚಿತ್ರವನ್ನಾದರೂ ಉಳಿಸಬಹುದಲ್ಲವೇ?

ಅಮೆರಿಕದವರು ಇದನ್ನು ಮಾಡಿ ತೋರಿಸಿದ್ದಾರೆ. 1935ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಕೆಲಸವಿಲ್ಲದ ಚಿತ್ರಕಾರರಿಗೆ ಅಲ್ಲಿನ ಸರಕಾರವು ಸಂಬಳ ಕೊಟ್ಟು ಹಳೆಯ ಬಳಕೆಯ ವಸ್ತುಗಳನ್ನು ಜಲವರ್ಣದಲ್ಲಿ ಬರೆಯಿಸಿತು. ಗೊಂಬೆ, ಕೌದಿ, ಮಡಕೆ, ಕೋವಿಮದ್ದಿನ ಕೊಂಬು — 1942ರ ಹೊತ್ತಿಗೆ 18,000ದಷ್ಟು ಚಿತ್ರಗಳಾದುವು. ಅವು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿವೆ.

ಕ್ಯಾಮರಾ ಸಾಲದೇ ಎಂದು ಕೇಳಬಹುದು. ತಾಮ್ರದ ತಂಬಿಗೆಯ ಛಾಯಾಚಿತ್ರದಲ್ಲಿ ಕಿಟಕಿಯ ಬೆಳಕೇ ಹೆಚ್ಚು ಮೆರೆಯುತ್ತದೆ. ಚಿತ್ರಕಾರನಾದರೋ ಅದನ್ನು ತಿರುಗಿಸಿ ನೋಡಿ, ಬೆಸುಗೆ ಎಲ್ಲಿ, ಬೆರಳು ಸವೆಸಿದ್ದು ಎಲ್ಲಿ ಎಂಬುದನ್ನು ಆರಿಸಿಕೊಳ್ಳುತ್ತಾನೆ. ಪಾರದರ್ಶಕ ಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚುತ್ತಾನೆ. ಹೊಳಪಿಗೆ ಬಿಳಿ ಬಣ್ಣವಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾನೆ.

ಕೋವಿಯಂತೂ ಕುಂಚಕ್ಕೆ ನಿಜವಾದ ಪರೀಕ್ಷೆ. ನಳಿಗೆಯ ನೀಲಿ-ಬೂದು ಬೇರೆ, ತುಕ್ಕಿನ ಕೆಂಪು ಬೇರೆ, ಬೆವರುಂಡ ಮರದ ಕಪ್ಪು ಬೇರೆ. ಚಕಮಕಿ ಕೋವಿಯನ್ನು ಮುಂದೆ ಕೇಪಿನ ಕೋವಿಯಾಗಿ ಮಾರ್ಪಡಿಸಿದ್ದರೆ, ಪಕ್ಕದ ಲೋಹದ ಹಲಗೆಯಲ್ಲಿ ಮುಚ್ಚಿದ ತೂತುಗಳ ಗುರುತು ಉಳಿದಿರುತ್ತದೆ. ಆ ಚುಕ್ಕೆಗಳನ್ನು ಬಿಟ್ಟ ಚಿತ್ರ ಚೆಂದವಿದ್ದೀತು, ನಿಜವಿರದು. ಇನ್ನೊಂದು ಮಾತು: ಬಾಯಿಂದ ಮದ್ದು ತುಂಬುವ ಕೋವಿಯೊಳಗೆ ಅಜ್ಜನ ಕಾಲದ ಮದ್ದು ಹಾಗೆಯೇ ಇರಬಹುದು, ಬಲ್ಲವರು ಪರೀಕ್ಷಿಸುವವರೆಗೆ ಮುಟ್ಟದಿರುವುದು ಕ್ಷೇಮ. ಪರವಾನಗಿ ಇದ್ದವರು ತೀರಿಕೊಂಡು, ವಾರಸುದಾರರು ಅದನ್ನು ಪಡೆಯದಿದ್ದರೆ ಕೋವಿ ಠಾಣೆಗೆ ಹೋಗಬೇಕಾಗುತ್ತದೆ. ಮನೆಯಲ್ಲಿ ಅದರ ರೂಪ ಉಳಿಯಬೇಕಾದರೆ ಅದಕ್ಕೆ ಮೊದಲೇ ಬರೆಯಿಸಬೇಕು.

ಬರೆಯುವ ಮಕ್ಕಳು ಮನೆಯಲ್ಲಿದ್ದರೆ ಪಾವಿನಿಂದ ಆರಂಭಿಸಲಿ. ಚಿತ್ರದ ಮೂಲೆಯಲ್ಲಿ ಉದ್ದಗಲ, ತಾರೀಖು, ಯಾರ ಮನೆಯದೆಂಬುದು ಇರಲಿ. ತುಳುವಾಗಲಿ ಕೊಂಕಣಿಯಾಗಲಿ, ಅಜ್ಜಿ ಅದನ್ನು ಕರೆಯುತ್ತಿದ್ದ ಹೆಸರೂ ಇರಲಿ.