ಬಿಳಿ ಕಲ್ಲೆಲ್ಲಾ ಲಿಥಿಯಂ ಅಲ್ಲ: ಸ್ಪೊಡುಮೀನ್ ಅಂದ್ರೇನು? ಅಂಗಡಿ ತಕ್ಕಡಿಯಲ್ಲೇ ಮೊದಲ ಪರೀಕ್ಷೆ ಹೀಗೆ ಮಾಡಿ

ಪಟ್ಟನಾಯಕನಹಳ್ಳಿ: ಮೊಬೈಲ್, ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗೆ ಬೇಕಾದ ಲಿಥಿಯಂ ನಮ್ಮ ರಾಜ್ಯದಲ್ಲೇ, ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಸುತ್ತಮುತ್ತ ಕಲ್ಲಿನೊಳಗೆ ಇದೆ. ಆ ಕಲ್ಲಲ್ಲಿರೋ ಖನಿಜದ ಹೆಸರು ಸ್ಪೊಡುಮೀನ್. ನೋಡೋಕೆ ಬಿಳಿ, ಬೂದು, ತಿಳಿ ಹಸಿರು. ತೊಂದರೆ ಏನಂದ್ರೆ, ಹೊಲದ ಬದುವಿನಲ್ಲಿ ಬಿದ್ದಿರೋ ಬೆಣಚುಕಲ್ಲೂ ಹಾಗೇ ಕಾಣುತ್ತೆ. ಯಾರಾದ್ರೂ ಬಂದು 'ನಿಮ್ಮ ಜಮೀನಲ್ಲಿ ಲಿಥಿಯಂ ಕಲ್ಲಿದೆ' ಅಂತ ಅಡ್ವಾನ್ಸ್ ಮಾತಾಡಿದ್ರೆ, ಇಲ್ಲಾ ಕಲ್ಲು ಪರೀಕ್ಷೆಗೆ ಅಂತ ದುಡ್ಡು ಕೇಳಿದ್ರೆ, ಮೊದಲು ಈ ಕೆಳಗಿನ ವಿಷಯ ಗೊತ್ತಿರಲಿ.

ಸಿಲಿಕೇಟ್ ಅಂದ್ರೇನು?

ನಮ್ಮೂರಿನ ಮಠಕ್ಕೆ ಸ್ಫಟಿಕಪುರಿ ಮಹಾಸಂಸ್ಥಾನ ಅಂತ ಹೆಸರು. ಸ್ಫಟಿಕ ಅಂದ್ರೆ ಶುದ್ಧವಾದ, ಪಾರದರ್ಶಕವಾದ ಬೆಣಚುಕಲ್ಲೇ. ಅದರಲ್ಲಿ ಇರೋದು ಸಿಲಿಕಾನ್ ಮತ್ತು ಆಮ್ಲಜನಕ ಎರಡೇ. ಈ ಎರಡರ ಜೊತೆ ಅಲ್ಯೂಮಿನಿಯಂ, ಕಬ್ಬಿಣ, ಪೊಟ್ಯಾಶಿಯಂ, ಲಿಥಿಯಂನಂಥವು ಸೇರಿದರೆ ಬೇರೆ ಬೇರೆ ಸಿಲಿಕೇಟ್ ಖನಿಜಗಳಾಗ್ತವೆ. ಭೂಮಿಯ ಹೊರಪದರದಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಇವೇ.

ಎಲ್ಲಾ ಸಿಲಿಕೇಟಿಗೂ ಇಟ್ಟಿಗೆ ಒಂದೇ. ಮೂರು ಒಲೆಗುಂಡು ಇಟ್ಟು ಮೇಲೊಂದು ಗುಂಡು ಕೂರಿಸಿ ಅಂದ್ಕೊಳ್ಳಿ. ಆ ನಾಲ್ಕು ಗುಂಡು ಆಮ್ಲಜನಕ, ನಡುವಿನ ಸಂದಿಯಲ್ಲಿ ಕೂತಿರೋದು ಸಿಲಿಕಾನ್. ಈ ಇಟ್ಟಿಗೆಗಳು ಒಂದಕ್ಕೊಂದು ಹೇಗೆ ಸೇರಿವೆ ಅನ್ನೋದರ ಮೇಲೆ ವಿಜ್ಞಾನಿಗಳು ಗುಂಪು ಮಾಡಿದ್ದಾರೆ:

- ಬಿಡಿಬಿಡಿ: ಒಂದಕ್ಕೊಂದು ತಾಗದೆ ಇರುವವು. ಉದಾಹರಣೆ ಗಾರ್ನೆಟ್.
- ಜೋಡಿ: ಎರಡೆರಡು ಸೇರಿದವು. ಎಪಿಡೋಟ್‌ನಲ್ಲಿ ಇಂಥ ಜೋಡಿಗಳಿವೆ.
- ಉಂಗುರ: ಬೆರಿಲ್. ನವರತ್ನದ ಪಚ್ಚೆ ಇದರದ್ದೇ ಒಂದು ಬಗೆ.
- ಸರ: ಹೂವಿನ ಸರದ ಹಾಗೆ ಉದ್ದಕ್ಕೆ. ಒಂಟಿ ಸರದಲ್ಲಿ ಸ್ಪೊಡುಮೀನ್, ಜೋಡಿ ಸರದಲ್ಲಿ ಕಪ್ಪಗಿನ ಹಾರ್ನ್‌ಬ್ಲೆಂಡ್.
- ಹಾಳೆ: ಪದರಪದರವಾಗಿ ಏಳುವ ಕಾಗೆಬಂಗಾರ, ಬಳಪದ ಕಲ್ಲು.
- ಎಲ್ಲಾ ದಿಕ್ಕಿಗೂ ಹೆಣೆದ ಜಾಲ: ಬೆಣಚುಕಲ್ಲು, ಫೆಲ್ಡ್‌ಸ್ಪಾರ್. ಮಧುಗಿರಿ, ಪಾವಗಡ ಕಡೆಯ ಗ್ರಾನೈಟಿನಲ್ಲಿ ಗುಲಾಬಿ ಬಣ್ಣ ಕಾಣ್ತದಲ್ಲ, ಅದು ಫೆಲ್ಡ್‌ಸ್ಪಾರ್.

ಕಲ್ಲು ಹೇಗೆ ಒಡೆಯುತ್ತೆ ಅನ್ನೋದಕ್ಕೂ ಈ ಜೋಡಣೆಯೇ ಕಾರಣ. ಹಾಳೆಯಂತಿರೋ ಕಾಗೆಬಂಗಾರ ಉಗುರಲ್ಲೇ ಏಳುತ್ತೆ. ಸರದಂತಿರೋ ಸ್ಪೊಡುಮೀನ್ ಉದ್ದುದ್ದ ಸಿಗುರಿನ ಹಾಗೆ ಸೀಳುತ್ತೆ. ಜಾಲದಂತಿರೋ ಬೆಣಚುಕಲ್ಲು ಗಾಜಿನ ಬಾಟಲಿ ಥರ ಅಡ್ಡಾದಿಡ್ಡಿ ಒಡೆಯುತ್ತೆ.

ಲಿಥಿಯಂ ಅಲ್ಲಿಗೆ ಬಂದಿದ್ದು ಹೇಗೆ?

ಭೂಮಿಯೊಳಗೆ ಕುದಿಯುವ ಶಿಲಾರಸ ನಿಧಾನಕ್ಕೆ ಆರಿ ಗ್ರಾನೈಟ್ ಆಗುತ್ತೆ. ಮೊದಮೊದಲು ಗಟ್ಟಿಯಾಗೋ ಖನಿಜಗಳಲ್ಲಿ ಲಿಥಿಯಂಗೆ ಜಾಗ ಸಿಗಲ್ಲ. ಹಾಗಾಗಿ ಕೊನೆಗೆ ಉಳಿದ ರಸದಲ್ಲಿ ಅದು ಸೇರಿಕೊಳ್ಳುತ್ತೆ. ಆ ರಸ ಬಂಡೆಯ ಬಿರುಕಿಗೆ ನುಗ್ಗಿ, ದಪ್ಪ ದಪ್ಪ ಹರಳಿನ ಪಟ್ಟೆಯಾಗಿ ನಿಲ್ಲುತ್ತೆ. ಇದಕ್ಕೆ ಪೆಗ್ಮಟೈಟ್ ಅಂತಾರೆ. ಆದರೆ ಎಲ್ಲಾ ಪೆಗ್ಮಟೈಟಿನಲ್ಲೂ ಲಿಥಿಯಂ ಇರಲ್ಲ. ಹೆಚ್ಚಿನವುಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಅಷ್ಟೇ.

1800ರಲ್ಲಿ ಸ್ವೀಡನ್ನಿನ ಊಟೋ ದ್ವೀಪದ ಮಾದರಿ ನೋಡಿ ಸ್ಪೊಡುಮೀನ್ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಸುಟ್ಟು ಬೂದಿಯಾದದ್ದು' ಅಂತ ಅರ್ಥ. ಅದೇ ದ್ವೀಪದ ಇನ್ನೊಂದು ಖನಿಜದಲ್ಲಿ 1817ರಲ್ಲಿ ಲಿಥಿಯಂ ಪತ್ತೆಯಾಯ್ತು. ಗುಲಾಬಿ ಬಣ್ಣದ ಸ್ಪೊಡುಮೀನ್ ಸಿಕ್ಕರೆ ಅದು ಕುಂಜೈಟ್ ಅನ್ನೋ ರತ್ನ.

ತಕ್ಕಡಿ ಪರೀಕ್ಷೆ

ಗಾಜಿನ ಮೇಲೆ ಗೀರಿ ನೋಡೋದು ಸಾಲದು. ಬೆಣಚು, ಫೆಲ್ಡ್‌ಸ್ಪಾರ್, ಸ್ಪೊಡುಮೀನ್ ಮೂರೂ ಗಾಜನ್ನ ಗೀರ್ತವೆ. ಗೀರದಿದ್ದರೆ ಸುಣ್ಣದ ಕಲ್ಲಿನಂಥ ಮೆತ್ತನೆಯದು ಅಂತ ಬಿಡಬಹುದು, ಅಷ್ಟೇ. ವ್ಯತ್ಯಾಸ ಗೊತ್ತಾಗೋದು ತೂಕದಲ್ಲಿ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು:

1. ಅರ್ಧ ಕೆ.ಜಿ.ಯಷ್ಟು ಇರೋ, ಬೇರೆ ಕಲ್ಲು ಬೆರೆಯದ ತುಂಡು ತಗೊಳ್ಳಿ. ತೊಳೆದು ಒಣಗಿಸಿ ತೂಕ ಬರ್ಕೊಳ್ಳಿ.
2. ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು, ಟೇರ್ ಬಟನ್ ಒತ್ತಿ ಸೊನ್ನೆಗೆ ತನ್ನಿ.
3. ಕಲ್ಲಿಗೆ ದಾರ ಕಟ್ಟಿ, ಕೈಯಲ್ಲಿ ಹಿಡ್ಕೊಂಡು ಪೂರ್ತಿ ನೀರಲ್ಲಿ ಮುಳುಗಿಸಿ. ತಳ, ಅಂಚು ತಾಗಬಾರದು, ನೀರು ಚೆಲ್ಲಬಾರದು. ತಕ್ಕಡಿ ಎಷ್ಟು ತೋರಿಸ್ತು ನೋಡಿ.
4. ಮೊದಲ ತೂಕವನ್ನ ಎರಡನೇದರಿಂದ ಭಾಗಿಸಿ.

530 ಗ್ರಾಂ ಕಲ್ಲು ನೀರಲ್ಲಿ 200 ತೋರಿಸಿದರೆ ಉತ್ತರ 2.65. ಅದು ಬೆಣಚುಕಲ್ಲಿನ ಲೆಕ್ಕ. ಫೆಲ್ಡ್‌ಸ್ಪಾರ್ ಕೂಡ 2.6ರ ಆಸುಪಾಸು. ಸ್ಪೊಡುಮೀನ್ ಆದರೆ 3.1ರಿಂದ 3.2 ಬರಬೇಕು, ಅಂದ್ರೆ ಅದೇ ಗಾತ್ರದ ತುಂಡು ಸುಮಾರು 630 ಗ್ರಾಂ ತೂಗಬೇಕು. 2.6 ಬಂತಾ? ಲಿಥಿಯಂ ಮಾತು ಅಲ್ಲಿಗೇ ಬಿಡಿ.

3.1 ಬಂದ ತಕ್ಷಣ ಕುಣಿಯೋದೂ ಬೇಡ. ಹಾರ್ನ್‌ಬ್ಲೆಂಡ್‌ನಂಥ ಬೆಲೆಯಿಲ್ಲದ ಖನಿಜಗಳೂ ಆ ತೂಕಕ್ಕೆ ಹತ್ತಿರ ಬರ್ತವೆ. ಲ್ಯಾಬಿನಲ್ಲಿ ಎಕ್ಸ್‌ರೇ ಮತ್ತು ರಾಸಾಯನಿಕ ಪರೀಕ್ಷೆ ಆಗದೆ ಯಾರೂ ಖಚಿತ ಹೇಳೋಕಾಗಲ್ಲ.

ಸಿಕ್ಕರೂ ಚೀಲ ತುಂಬಿ ಮಾರೋ ಮಾಲಲ್ಲ

ಅಪ್ಪಟ ಸ್ಪೊಡುಮೀನ್ 100 ಕೆ.ಜಿ.ಯಲ್ಲಿ ಲಿಥಿಯಂ ಇರೋದು ಸುಮಾರು 3.7 ಕೆ.ಜಿ. ಅದನ್ನ ತೆಗೆಯೋಕೆ ಕಲ್ಲನ್ನ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಪುಡಿ ಮಾಡಿ, ಗಂಧಕಾಮ್ಲದಲ್ಲಿ ಮತ್ತೆ ಬೇಯಿಸಬೇಕು. ದೊಡ್ಡ ಕಾರ್ಖಾನೆ ಕೆಲಸ ಅದು.

ಮಂಡ್ಯದ್ದೇ ನೋಡಿ. 2020ರಲ್ಲಿ 14,100 ಟನ್ ಅನ್ನೋ ಅಂದಾಜು ದೇಶವೆಲ್ಲಾ ಸುದ್ದಿಯಾಯ್ತು. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ 1,600 ಟನ್. ಅದೂ ಅಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಹಂತದ ಅಂದಾಜು.

ಕಾನೂನು ಕೂಡ ಗೊತ್ತಿರಲಿ. 2023ರ ತಿದ್ದುಪಡಿ ಪ್ರಕಾರ ಲಿಥಿಯಂ ಗಣಿ ಹರಾಜು ಹಾಕೋದು ಕೇಂದ್ರ ಸರ್ಕಾರ. ಲೀಸ್ ಇಲ್ಲದೆ ಗಣಿಗಾರಿಕೆ ಮಾಡಿದ್ರೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಹಾಗಾಗಿ ಕಲ್ಲಿನ ಹೆಸರು ಹೇಳಿ ಜಮೀನಿನ ಅಗ್ರಿಮೆಂಟಿಗೆ ಸಹಿ ಕೇಳಿದ್ರೆ, ಲ್ಯಾಬ್ ವರದಿ ತೋರಿಸಿ ಅನ್ನಿ. ಅನುಮಾನ ಇದ್ದರೆ ತುಮಕೂರಿನಲ್ಲಿರೋ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿವರೆಗೂ ಪಹಣಿ, ಆಧಾರ್ ಜೆರಾಕ್ಸ್ ಯಾರ ಕೈಗೂ ಕೊಡಬೇಡಿ.