ಸಂಶೋಧನೆ ಸಿರಿವಂತರ ಸೊತ್ತಲ್ಲ

ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆಯಲು ಐದು ವರ್ಷ ಮನೆಯಿಂದ ಹಣ ತರಬೇಕೆಂದು ಭಾವಿಸಿ, ಎಷ್ಟೋ ಮಂದಿ ಜಾಣ ವಿದ್ಯಾರ್ಥಿಗಳು ಆ ಆಸೆಯನ್ನೇ ತೊರೆಯುವರು. ಇದು ತಪ್ಪು ತಿಳಿವಳಿಕೆ. ಅರ್ಹತೆಯನ್ನು ತೋರಿದವರಿಗೆ ನಮ್ಮ ದೇಶವೇ ವೇತನವಿತ್ತು ಸಂಶೋಧನೆ ಮಾಡಿಸುತ್ತದೆ.

ಆ ಅರ್ಹತೆ ಯಾವುದು? ಎಂ.ಎಸ್‌ಸಿ. ಓದಿದವರಿಗೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆ ಒಂದು ಮುಖ್ಯ ಹಾದಿ. ಸಾಮಾನ್ಯ ವರ್ಗದವರಿಗೆ ಶೇಕಡ 55 ಅಂಕಗಳು ಬೇಕು. ಅಂತಿಮ ವರ್ಷದಲ್ಲಿರುವವರೂ ಬರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ. ವ್ಯಾಸಂಗಕ್ಕಾದರೋ ಬಿ.ಎಸ್‌ಸಿ. ಮುಗಿಸಿದವರೇ ಜಾಮ್ ಪರೀಕ್ಷೆ ಬರೆದು ಅರ್ಜಿ ಸಲ್ಲಿಸಬಹುದು.

ಪರೀಕ್ಷೆಯ ಬಳಿಕ ಸಂದರ್ಶನ. ಅಲ್ಲಿ ಬಾಯಿಪಾಠ ಸಾಲದು. ಲೋಲಕದ ತೂಗಾಟ ಹಿಗ್ಗಿದರೆ ಅದರ ಅವಧಿ ಏನಾಗುವುದು? "ಬದಲಾಗದು" ಎಂಬುದು ಕಿರುಕೋನಗಳಿಗೆ ಮಾತ್ರ ಸಲ್ಲುವ ಉತ್ತರ. 90 ಡಿಗ್ರಿಯಿಂದ ಬಿಟ್ಟಾಗ ಅವಧಿ ಸುಮಾರು ಶೇಕಡ 18ರಷ್ಟು ಹೆಚ್ಚುತ್ತದೆ. ಸೂತ್ರದ ಮಿತಿಯನ್ನು ಗಣಿತದಿಂದ ಕಂಡುಕೊಳ್ಳಬಲ್ಲವರೇ ಸಂಶೋಧನೆಗೆ ಸಿದ್ಧರಾದವರು.

ಇನ್ನು ಹಣದ ಮಾತು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರಲ್ಲಿ ನಿಗದಿಯಾದ ವೇತನ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಪ್ರಗತಿ ತೃಪ್ತಿಕರವಾಗಿದ್ದರೆ ಅನಂತರ 42,000. ಒಟ್ಟು ಐದು ವರ್ಷಗಳವರೆಗೆ ಇದು ದೊರೆಯಬಹುದು. ವಿದ್ಯಾರ್ಥಿನಿಲಯ ಸಿಗದವರಿಗೆ ಮನೆಬಾಡಿಗೆ ಭತ್ಯವೂ ಉಂಟು.

ಆದರೆ ಒಂದು ಎಚ್ಚರಿಕೆ: ಪ್ರವೇಶವೇ ಬೇರೆ, ವೇತನವೇ ಬೇರೆ. ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಮೊದಲನೆಯದು ದೊರೆತರೂ ಎರಡನೆಯದು ದೊರೆಯದಿರಬಹುದು. ಸೇರುವ ಮುನ್ನವೇ ವಿಚಾರಿಸುವುದು ಲೇಸು.

ವಿದ್ಯಾರ್ಥಿಗಳೇ, ಮನೆಯ ಬಡತನವನ್ನು ನೆನೆದು ಹಿಂಜರಿಯಬೇಡಿ. ಗಣಿತದ ಬಡತನವನ್ನು ಇಂದಿನಿಂದಲೇ ನೀಗಿಕೊಳ್ಳಿ.